ಕ್ರಿಸ್‌ಮಸ್ ಉಡುಗೊರೆಗೆ ಕೈಸಾಲ ಯಾಕ್ರೀ?

ಗೌರಿಬಿದನೂರಿನಲ್ಲಿ ಕ್ರೈಸ್ತರ ಮನೆಗಳು ಹೆಚ್ಚೇನಿಲ್ಲ. ಆದರೂ ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಫ್ಯಾನ್ಸಿ ಸ್ಟೋರುಗಳ ಮುಂದೆ ಕೆಂಪು ಟೋಪಿ, ಕಾಗದದ ನಕ್ಷತ್ರ, ಹತ್ತಿ ಗಡ್ಡದ ತಾತ ಎಲ್ಲವೂ ನೇತಾಡತೊಡಗುತ್ತವೆ. ಕೊಳ್ಳುವವರು ಯಾರು ಅಂತೀರಾ? ಚರ್ಚಿಗೆ ಹೋಗುವವರು ಕಡಿಮೆಯೇ. ಅವರ ಮನೆಯ ನಕ್ಷತ್ರ ಹೋದ ವರ್ಷದ್ದು. ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಬಲ್ಬು ಹಾಕಿದರೆ ಮುಗಿಯಿತು. ಅಂಗಡಿ ಮುಂದೆ ಪರ್ಸು ಹಿಡಿದು ಪೇಚಾಡುತ್ತಾ ನಿಲ್ಲುವವರು ಇಂಗ್ಲಿಷ್ ಮೀಡಿಯಂ ಶಾಲೆಗೆ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು.

"ಅಣ್ಣಾ, ಇನ್ನೂರು ರೂಪಾಯೊಳಗೆ ಏನಾದ್ರೂ ಗಿಫ್ಟು ಕೊಡಣ್ಣ."

"ಗಂಡು ಮಗೂಗಾ, ಹೆಣ್ಣು ಮಗೂಗಾ ಅಕ್ಕಾ?"

"ಯಾರಿಗೋ ಏನೋ, ನಂಗೊತ್ತಿಲ್ಲಣ್ಣ. ಚೀಟೀಲಿ ಹೆಸರು ಬಂದೈತಂತೆ."

ಚೀಟಿ ಎಂದರೆ ಈ ಊರಿನವರಿಗೆ ಗೊತ್ತಿರುವುದು ತಿಂಗಳಿಗೊಮ್ಮೆ ಕೂಗುವ ಚೀಟಿ. ಇದು ಬೇರೆ ಜಾತಿಯದು. ತರಗತಿಯ ಎಲ್ಲ ಮಕ್ಕಳ ಹೆಸರನ್ನೂ ಬರೆದು ಡಬ್ಬಿಗೆ ಹಾಕುತ್ತಾರೆ. ಒಬ್ಬೊಬ್ಬರು ಒಂದೊಂದು ಚೀಟಿ ಎತ್ತಬೇಕು. ಯಾರ ಹೆಸರು ಬಂತೋ ಅವರಿಗೆ ಗುಟ್ಟಾಗಿ ಒಂದು ಉಡುಗೊರೆ ತರಬೇಕು. ಕ್ರಿಸ್‌ಮಸ್ ಫ್ರೆಂಡ್ ಅಂತ ಒಂದು ಹೆಸರು, ಸೀಕ್ರೆಟ್ ಸಾಂಟಾ ಅಂತ ಇನ್ನೊಂದು. ಶಾಲೆಯಲ್ಲಿ ಹುಟ್ಟಿದ್ದು ಈಗ ಆಫೀಸಿಗೂ ಬಂದಿದೆ, ಕಾರ್ಖಾನೆಗೂ ಬಂದಿದೆ. ಬೆಳಗಿನ ಬಸ್ಸಿನಲ್ಲಿ ದೊಡ್ಡಬಳ್ಳಾಪುರದ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಬಾಯಲ್ಲೂ ಡಿಸೆಂಬರ್‌ನಲ್ಲಿ ಇದೇ ಮಾತು.

ಆಟ ಕೆಟ್ಟದ್ದಲ್ಲ. ಜಾತಿ ನೋಡದೆ, ಮತ ನೋಡದೆ, ಮುಂದಿನ ಬೆಂಚು ಹಿಂದಿನ ಬೆಂಚು ನೋಡದೆ ಒಬ್ಬರಿಗೊಬ್ಬರು ಕೊಡುವ ಪದ್ಧತಿ ಒಳ್ಳೆಯದೇ. ಕೆಡುವುದು ಎಲ್ಲಿ ಅಂದರೆ, ಅದಕ್ಕೊಂದು ರೇಟು ಕಟ್ಟಿದಾಗ. ಕೆಲವು ಕಡೆ ನೂರು, ಕೆಲವು ಕಡೆ ಇನ್ನೂರು. ಬಡವರಿಗೆ ಹೊರೆಯಾಗದಿರಲಿ ಎಂದೇ ಮಿತಿ ಹಾಕಿದ್ದು ಎನ್ನುತ್ತಾರೆ ಶಾಲೆಯವರು. ಇನ್ನೂರಕ್ಕೆ ಮೀರಬಾರದು ಎಂದು ಟೀಚರ್ ಹೇಳಿದ್ದು, ಮನೆಗೆ ಬರುವ ಹೊತ್ತಿಗೆ ಇನ್ನೂರಕ್ಕೆ ಕಡಿಮೆಯಾಗಬಾರದು ಎಂದಾಗಿರುತ್ತದೆ. ಮಕ್ಕಳ ಕಿವಿ ಹಾಗೇ. ಐವತ್ತು ರೂಪಾಯಿಯ ಪೆನ್ನು ತಂದವನನ್ನು ಪಕ್ಕದವನು ಜನವರಿವರೆಗೂ ಆಡಿಕೊಳ್ಳುತ್ತಾನೆ.

ಇನ್ನೂರು ಎಂದರೆ ಎಷ್ಟು? 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಗೊತ್ತು ಮಾಡಿದ್ದ ದಿನಗೂಲಿ 370 ರೂಪಾಯಿ. ಬಿಸಿಲಲ್ಲಿ ಅರ್ಧ ದಿನಕ್ಕೂ ಹೆಚ್ಚು ಮಣ್ಣು ಹೊತ್ತರೆ ಒಂದು ಮಗುವಿನ ಚೀಟಿ ತೀರುತ್ತದೆ. ಮನೆಯಲ್ಲಿ ಎರಡು ಮಕ್ಕಳಿದ್ದರೆ ಒಂದು ದಿನದ ಕೂಲಿ ಪೂರ್ತಿ ಹೋಗಿ, ಮೇಲೆ ಮೂವತ್ತು ರೂಪಾಯಿ ಯಾರ ಹತ್ತಿರವಾದರೂ ಕೇಳಬೇಕು. ಕೂಲಿಯವರು ಕಾನ್ವೆಂಟಿಗೆ ಯಾಕೆ ಕಳಿಸಬೇಕು ಎಂದು ಕೇಳುವ ಬುದ್ಧಿವಂತರು ಇದ್ದಾರೆ. ಅವರಿಗೆ ಉತ್ತರ ಬೇಕಿಲ್ಲ.

ಕೈಸಾಲ ಕೇಳುವುದಕ್ಕೂ ಈಗ ಜನ ಹೆದರುತ್ತಾರೆ. ಸಂಘದ ಕಂತು, ಫೈನಾನ್ಸಿನ ಕಂತು ಅಂತ ವಾರಕ್ಕೊಮ್ಮೆ ಬಾಗಿಲು ತಟ್ಟುವವರು ಮೊದಲೇ ಇದ್ದಾರೆ. ವಸೂಲಿಯ ಕಾಟ ತಾಳದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ರಾಜ್ಯದ ಹಲವು ಕಡೆಯಿಂದ ಬಂದು, 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂಥ ಮನೆಗಳಿಂದ ಬರುವ ಮಕ್ಕಳಿಗೆ ಉಡುಗೊರೆ ಹಂಚುವ ದಿನ ಬೆಳಿಗ್ಗೆ ಸರಿಯಾಗಿ ಹೊಟ್ಟೆನೋವು ಬರುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅದು ಬರೀ ಒಂದು ಗೈರುಹಾಜರಿ.

ಇಷ್ಟು ಪಾಡುಪಟ್ಟು ತಂದ ಉಡುಗೊರೆಯಾದರೂ ಏನು? ಒಳಗೆ ಫೋಟೋ ಇಲ್ಲದ ಫೋಟೋ ಫ್ರೇಮು. ಎರಡು ದಿನಕ್ಕೆ ಕಾಲು ಮುರಿಯುವ ಪ್ಲಾಸ್ಟಿಕ್ ಜಿಂಕೆ. ರಾಗಿ ಗಂಜಿ ಕುಡಿದು ಬರುವ ಮಗುವಿಗೆ, ಪ್ರಪಂಚದಲ್ಲೇ ಶ್ರೇಷ್ಠ ಬಾಸ್ ಎಂದು ಇಂಗ್ಲಿಷಿನಲ್ಲಿ ಬರೆದ ಕಾಫಿ ಮಗ್ಗು! ತಂದವನಿಗೆ ಪಡೆದವನ ಪರಿಚಯವಿಲ್ಲ, ಕೊಂಡುಕೊಟ್ಟ ತಾಯಿಗಂತೂ ಮೊದಲೇ ಇಲ್ಲ. ಇನ್ನೂರು ರೂಪಾಯಿ ಮುಟ್ಟಿಸಿದ್ದಾಯಿತು, ಅಷ್ಟೆ.

ಇದರ ಲೆಕ್ಕವನ್ನು ಅಮೆರಿಕದಲ್ಲಿ ಒಬ್ಬ ಪುಣ್ಯಾತ್ಮ ಹಾಕಿಯೇ ಬಿಟ್ಟಿದ್ದಾನೆ. ಜೋಯೆಲ್ ವಾಲ್ಡ್‌ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಕ್ರಿಸ್‌ಮಸ್‌ಗೆ ನಿನಗೆ ಬಂದ ವಸ್ತುವಿಗೆ ಕೊಟ್ಟವರು ಎಷ್ಟು ತೆತ್ತಿರಬಹುದು, ಪ್ರೀತಿ ವಿಶ್ವಾಸದ ಬೆಲೆ ಬದಿಗಿಟ್ಟರೆ ಅದೇ ವಸ್ತು ನಿನಗೆ ಎಷ್ಟು ಬಾಳುತ್ತೆ ಎಂದು ಕೇಳಿದ. ಉತ್ತರಗಳನ್ನು ಕೂಡಿಸಿ 1993ರಲ್ಲಿ ಅಚ್ಚು ಹಾಕಿಸಿದ. ತೆತ್ತ ಹಣದಲ್ಲಿ ಹತ್ತನೇ ಒಂದು ಪಾಲಿನಿಂದ ಮೂರನೇ ಒಂದು ಪಾಲಿನವರೆಗೆ ಬರೀ ನೀರು ಪಾಲು ಎಂದು ಅವನ ಲೆಕ್ಕ. ನಮ್ಮ ಅಂಗಡಿ ಭಾಷೆಯಲ್ಲಿ ಹೇಳುವುದಾದರೆ, ನೂರು ರೂಪಾಯಿ ಮಾಲು ಬಣ್ಣದ ಕಾಗದ ಸುತ್ತಿದ ಕೂಡಲೇ ತೊಂಬತ್ತಕ್ಕೋ ಅರವತ್ತೇಳಕ್ಕೋ ಇಳಿಯುತ್ತದೆ. ಯಾವ ಸಾಹುಕಾರ ಇಂಥ ವ್ಯಾಪಾರ ಮಾಡುತ್ತಾನೆ?

ಅದರೊಳಗೆ ಇನ್ನೊಂದು ಸ್ವಾರಸ್ಯವಿದೆ. ಹೆಚ್ಚು ನಷ್ಟವಾದದ್ದು ದೂರದ ನೆಂಟರು ಕೊಟ್ಟ ವಸ್ತುಗಳಲ್ಲಿ. ಸ್ನೇಹಿತರು, ಮನಸ್ಸಿಗೆ ಹತ್ತಿರದವರು ಕೊಟ್ಟದ್ದರಲ್ಲಿ ನಷ್ಟ ಬಹಳ ಕಡಿಮೆ. ಕಾರಣ ಹುಡುಕಲು ಯೇಲ್‌ಗೆ ಹೋಗಬೇಕಾಗಿಲ್ಲ. ಹತ್ತಿರದವರಿಗೆ ನಮ್ಮ ಕೊರತೆ ಗೊತ್ತಿರುತ್ತದೆ.

ನಮ್ಮ ಗೃಹಪ್ರವೇಶಗಳನ್ನೇ ನೋಡಿ. ಹೊಸ ಮನೆಗೆ ಐದು ಗೋಡೆ ಗಡಿಯಾರ ಬರುತ್ತವೆ. ಒಂದನ್ನು ಹಾಲಿಗೆ ಹಾಕುತ್ತಾರೆ, ಒಂದನ್ನು ರೂಮಿಗೆ. ಮಿಕ್ಕ ಮೂರು ಡಬ್ಬ ಬಿಚ್ಚದೆ ಮುಂದಿನ ಗೃಹಪ್ರವೇಶಕ್ಕೆ ಹೊರಡುತ್ತವೆ. ಗಡಿಯಾರ ಓಡದಿದ್ದರೂ ಡಬ್ಬ ಊರೆಲ್ಲ ಓಡುತ್ತಿರುತ್ತದೆ. ಕೆಲವೊಮ್ಮೆ ಮೂರು ವರ್ಷಕ್ಕೆ ಕೊಟ್ಟವರ ಮನೆಗೇ ವಾಪಸು ಬಂದು, ಒಳಗಿನ ಚೀಟಿಯಲ್ಲಿ ಅವರದೇ ಹೆಸರು ಇರುವುದೂ ಉಂಟು.

ಇದಕ್ಕಿಂತ ಹಳೇ ಮೈಸೂರು ಸೀಮೆಯ ಮುಯ್ಯಿ ಎಷ್ಟೋ ವಾಸಿ. ಮದುವೆ ಮನೆಯ ಮೂಲೆಯಲ್ಲಿ ಒಬ್ಬರು ನೋಟ್‌ಬುಕ್ಕು ಹಿಡಿದು ಕೂತು ಇಂಥವರು ಇಷ್ಟು ಎಂದು ಬರೆದುಕೊಳ್ಳುತ್ತಿದ್ದರು. ಈಗಲೂ ಬರೆಯುವ ಹಳ್ಳಿಗಳಿವೆ. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ತಿರುಗಿ ಕೊಡಬೇಕು. ಅದು ಸಾಲದ ತಂಗಿ ಅಂತ ಕೊಡುವವರಿಗೂ ಗೊತ್ತು, ಇಸಕೊಳ್ಳುವವರಿಗೂ ಗೊತ್ತು. ಆದರೆ ಅಡಿಗೆಯವರಿಗೆ, ಪೆಂಡಾಲಿನವರಿಗೆ ಕೊಡಲು ಹೆಣ್ಣಿನ ತಂದೆಯ ಕೈಯಲ್ಲಿ ಆ ರಾತ್ರಿಗೆ ದುಡ್ಡಾಗುತ್ತಿತ್ತು. ಮದುವೆ ಮನೆಗೆ ಬೇಕಾದದ್ದು ನಗದು ಎಂದು ತಿಳಿದವರು ಕಟ್ಟಿದ ಪದ್ಧತಿ ಅದು.

ಇನ್ನು ಯಾರ ಹಬ್ಬದ ಹೆಸರಲ್ಲಿ ಇಷ್ಟೆಲ್ಲ ನಡೆಯುತ್ತಿದೆಯೋ ಆ ಮನೆಗಳಲ್ಲಿ ಏನು ಮಾಡುತ್ತಾರೆ? ನೆರೆಯಲ್ಲಿ ಕ್ರೈಸ್ತರ ಮನೆ ಇರುವವರಿಗೆ ಗೊತ್ತು. ಹಬ್ಬಕ್ಕೆ ವಾರ ಮುಂಚೆಯೇ ಎಣ್ಣೆ ಬಾಣಲೆ ಒಲೆಗೇರುತ್ತದೆ. ಕಜ್ಜಾಯ, ಚಕ್ಕುಲಿ, ಅಚ್ಚು ಅದ್ದಿ ಕರಿದ ಹೂವಿನಂಥ ರೋಸ್ ಕುಕ್ಕಿ, ಒಂದೆರಡು ತುಂಡು ಕೇಕು. ತಟ್ಟೆಗೆ ಜೋಡಿಸಿ, ಮೇಲೊಂದು ಬಟ್ಟೆ ಮುಚ್ಚಿ, ಮನೆಯ ಚಿಕ್ಕ ಮಗುವಿನ ಕೈಯಲ್ಲಿ ಅಕ್ಕಪಕ್ಕದ ಮನೆಗೆ ಕಳಿಸುತ್ತಾರೆ. ಮಂಗಳೂರು ಕಡೆಯ ಕೆಥೊಲಿಕರಲ್ಲಿ ಈ ತಿಂಡಿಗಳಿಗೆಲ್ಲ ಸೇರಿಸಿ ಕುಸ್ವಾರ್ ಎಂದೇ ಹೆಸರು. ನೆವ್ರಿ, ಕಿಡಿಯೊ ಅಂತ ಅವರ ಪಟ್ಟಿ ಇನ್ನೂ ಉದ್ದ. ತಟ್ಟೆ ಪಡೆದ ಮನೆಯವರು ಅದನ್ನು ಬರಿದಾಗಿ ಹಿಂದಕ್ಕೆ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ಮೂರು ವಾರ ಕಳೆದರೆ ಸಂಕ್ರಾಂತಿ. ಆಗ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಮೇಲೊಂದು ಸಕ್ಕರೆ ಅಚ್ಚು, ಕಬ್ಬಿನ ತುಂಡು ಇಟ್ಟ ತಟ್ಟೆ ಆ ಮನೆಗೆ ಹೋಗುತ್ತದೆ. ರಂಜಾನಿನಲ್ಲಿ ಸಾಬರ ಮನೆಯ ಸುರ್‌ಕುಂಬಾ ಬರುವ ಡಬ್ಬಿಗೂ ಇದೇ ಕಾನೂನು.

ಈ ತಟ್ಟೆಗೆ ಯಾರೂ ರೇಟು ಕಟ್ಟಿಲ್ಲ. ಪಕ್ಕದ ಮನೆಯ ಅಜ್ಜಿಗೆ ಹಲ್ಲಿಲ್ಲ ಅಂತ ಚಕ್ಕುಲಿ ಬಿಟ್ಟು ಮೆತ್ತಗಿನ ಕೇಕು ಹೆಚ್ಚಿಗೆ ಇಡುತ್ತಾರೆ. ಎದುರು ಮನೆಯವರು ಮೊಟ್ಟೆ ತಿನ್ನೋದಿಲ್ಲ ಅಂತ ಕೇಕನ್ನೇ ತೆಗೆದು ಬಾಳೆಹಣ್ಣು ಇಡುತ್ತಾರೆ. ಉಡುಗೊರೆ ಅಂದರೆ ಇದು ತಾನೆ? ಆ ಬಾಳೆಹಣ್ಣಿನ ಮುಂದೆ ಇನ್ನೂರು ರೂಪಾಯಿಯ ಮಗ್ಗನ್ನು ಇಟ್ಟು ತೂಗಿ ನೋಡಲಿ.

ಕೆಂಪು ಟೋಪಿಯ ತಾತನ ಮೂಲಪುರುಷನ ಕತೆಯೂ ಬೇರೆಯಲ್ಲ. ಈಗ ಟರ್ಕಿ ದೇಶದಲ್ಲಿರುವ ಮೈರಾ ಎಂಬ ಊರಲ್ಲಿ ನಾಲ್ಕನೇ ಶತಮಾನದಲ್ಲಿ ನಿಕೋಲಸ್ ಎಂಬ ಬಿಷಪ್ ಇದ್ದ. ವರದಕ್ಷಿಣೆಗೆ ಗತಿಯಿಲ್ಲದೆ ಮೂವರು ಹೆಣ್ಣುಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಕೊರಗುತ್ತಿದ್ದ ಒಬ್ಬ ತಂದೆಯ ಮನೆಯೊಳಕ್ಕೆ ರಾತ್ರಿ ಹೊತ್ತು ಕಿಟಕಿಯಿಂದ ಹೊನ್ನಿನ ಗಂಟು ಎಸೆದು ಹೋದ ಎಂದು ಐತಿಹ್ಯ. ಹಗಲು ಕೊಟ್ಟರೆ ಆ ತಂದೆ ತಲೆ ತಗ್ಗಿಸಬೇಕಾಗುತ್ತದೆ ಎಂಬಷ್ಟು ತಿಳಿದವನು. ಅವನ ಹೆಸರಿನ ಗುಟ್ಟಿನ ಆಟದಲ್ಲಿ ಈಗ ಬಡವರ ಮಕ್ಕಳೇ ತಲೆ ತಗ್ಗಿಸಬೇಕಾಗಿದೆ.

ನಮ್ಮ ಜಿಲ್ಲೆಯ ನಂದಿಬೆಟ್ಟದಲ್ಲಿ 1927ರಲ್ಲೂ 1936ರಲ್ಲೂ ಬಂದು ತಂಗಿದ್ದ ಗಾಂಧೀಜಿಯ ಒಂದು ಪ್ರಸಂಗ ಇಲ್ಲಿ ಹೇಳಬೇಕು. 1947ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್‌ಗೆ ಮದುವೆ. ಲೋಕದ ರಾಜಮಹಾರಾಜರು ವಜ್ರ ವೈಡೂರ್ಯ ಕಳಿಸಿದರು. ಗಾಂಧಿಯ ಹತ್ತಿರ ಏನಿತ್ತು ಕೊಡಲು? ತಾವೇ ರಾಟೆಯಲ್ಲಿ ನೂತ ನೂಲಿನಿಂದ ಹೆಣೆದ, ನಡುವೆ ಜೈಹಿಂದ್ ಎಂದಿದ್ದ ಒಂದು ಹತ್ತಿಯ ವಸ್ತ್ರವನ್ನು ಮೌಂಟ್‌ಬ್ಯಾಟನ್ ಕೈಯಲ್ಲಿ ಕಳಿಸಿದರು. ಮದುಮಗಳ ಅಜ್ಜಿ ರಾಣಿ ಮೇರಿ ಅದನ್ನು ಗಾಂಧಿಯ ತುಂಡು ಪಂಚೆ ಎಂದುಕೊಂಡು ಮೂಗು ಮುರಿದರಂತೆ. ಮದುಮಗಳು ಮಾತ್ರ ಜೋಪಾನ ಮಾಡಿದರು. 2022ರಲ್ಲಿ ರಾಣಿ ತೀರಿಕೊಂಡಾಗ, ಆ ವಸ್ತ್ರವನ್ನು ತಮಗೆ ತೆಗೆದು ತೋರಿಸಿದ್ದರು ಎಂದು ಪ್ರಧಾನಿ ಮೋದಿ ನೆನಪಿಸಿಕೊಂಡರು. ನೂಲಿನ ಬೆಲೆ ಎಷ್ಟಿದ್ದೀತು? ನೂತವರು ಯಾರು ಎಂಬುದೇ ಅದರ ಬೆಲೆ.

ಹಾಗಂತ ನಮ್ಮಲ್ಲಿ ಕೊಡುವವರಿಗೆ ಬರವಿಲ್ಲ. ನಾಯಕರ ಹುಟ್ಟುಹಬ್ಬ ಬಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹಣ್ಣು ಹಂಪಲು ವಿತರಣೆ ಇದ್ದೇ ಇರುತ್ತದೆ. ಒಂದು ಸೇಬಿಗೆ ನಾಲ್ಕು ಕೈ, ನಡುವೆ ಒಬ್ಬ ರೋಗಿ, ಎದುರಿಗೆ ಕ್ಯಾಮೆರಾ. ಸಕ್ಕರೆ ಕಾಯಿಲೆಯವನಿಗೂ ಎರಡು ಬಾಳೆಹಣ್ಣು, ಹೊಟ್ಟೆ ಆಪರೇಷನ್ ಆಗಿ ನೀರೂ ಕುಡಿಯಬಾರದವನಿಗೂ ಒಂದು ಬ್ರೆಡ್ಡು. ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿರುವ ಹೆಂಡತಿಗೆ ಒಂದು ಲೋಟ ಬಿಸಿ ಟೀ ಬೇಕು, ರಾತ್ರಿ ಹೊದೆಯಲು ಕಂಬಳಿ ಬೇಕು ಅಂತ ಕೇಳಿದವರಿಲ್ಲ. ಡಿಸೆಂಬರ್ ಚಳಿಯಲ್ಲಿ ಹತ್ತು ರೂಪಾಯಿಯ ಟೀ ಆ ಹೆಂಗಸಿಗೆ ಹಬ್ಬವಾದೀತು.

ಹಾಗಾದರೆ ಏನು ಕೊಡಬೇಕು ಅಂತ ಅಂಗಡಿ ಮುಂದೆ ನಿಂತ ತಾಯಿ ಕೇಳುತ್ತಾಳೆ. ನ್ಯಾಯವೇ. ಮೊದಲು ಮಗನನ್ನು ಕೇಳಲಿ: ಚೀಟಿಯಲ್ಲಿ ಬಂದ ಹುಡುಗ ಯಾರಪ್ಪಾ, ಊಟಕ್ಕೆ ಏನರಲ್ಲಿ ತರ್ತಾನೆ, ಅವನ ಹತ್ರ ಏನಿಲ್ಲ? ಪ್ಲಾಸ್ಟಿಕ್ ಕವರಿನಲ್ಲಿ ಚಿತ್ರಾನ್ನ ತರುವ ಹುಡುಗನಾದರೆ ಪಾತ್ರೆ ಅಂಗಡಿಯಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿ ತೆಗೆದುಕೊಳ್ಳಲಿ. ಕೊಂಡವರಿಗೆ ಅಲ್ಲೇ ಮಿಷನ್ನಿನಲ್ಲಿ ಗಿರ್ ಅಂತ ಹೆಸರು ಹಾಕಿಕೊಡುತ್ತಾರೆ, ಎರಡು ನಿಮಿಷದ ಕೆಲಸ. ಮದುವೆ ಕೊಡಗಳ ಮೇಲೆ ನೆಂಟರ ಹೆಸರು ಕೆತ್ತಿಸಿ ಕೆತ್ತಿಸಿ, ಕೊಟ್ಟವರ ಹೆಸರನ್ನೇ ಹಾಕಿಸಬೇಕು ಎಂದು ಜನ ತಿಳಿದುಬಿಟ್ಟಿದ್ದಾರೆ. ಪಡೆಯುವವನ ಹೆಸರು ಹಾಕಿಸಿ ನೋಡಿ. ತನ್ನ ಹೆಸರಿರುವ ಡಬ್ಬಿಯನ್ನು ಆ ಹುಡುಗ ಎಸ್ಸೆಸ್ಸೆಲ್ಸಿವರೆಗೂ ಬಿಡುವುದಿಲ್ಲ. ಅದು ಇನ್ನೊಬ್ಬರ ಗೃಹಪ್ರವೇಶಕ್ಕೂ ಹೋಗುವುದಿಲ್ಲ!

ದೊಡ್ಡವರಿಗೆ ಕೊಡುವುದು ಇನ್ನೂ ಸುಲಭ, ಸ್ವಲ್ಪ ಯೋಚನೆ ಮಾಡಿದರೆ. ಡಿಸೆಂಬರ್ ಅಂದರೆ ಸೊಗಡವರೆ ಕಾಲ. ಬೆಂಗಳೂರಿನ ಫ್ಲಾಟಿನಲ್ಲಿ ಕೂತ ತಂಗಿಗೆ ಡಬ್ಬದ ಸ್ವೀಟು ಒಯ್ಯುವ ಬದಲು ಒಂದು ಸೇರು ಹಿತಕಿದ ಬೇಳೆ ಒಯ್ದರೆ ಅವಳ ಅರ್ಧ ದಿನ ಉಳಿಯುತ್ತದೆ, ಉಗುರೂ ಉಳಿಯುತ್ತದೆ. ಕಾಳು ನೆನೆಸಿ ಒಂದೊಂದನ್ನೇ ಹಿತುಕಿದವರಿಗೆ ಗೊತ್ತು ಅದರ ಕಷ್ಟ. ತೀರಿಹೋದ ತಾತನ ಒಂದೇ ಒಂದು ಹಳೇ ಫೋಟೋ ಅಜ್ಜಿಯ ಟ್ರಂಕಿನಲ್ಲಿ ಬಿಳಿಚಿಕೊಂಡು ಬಿದ್ದಿರುತ್ತದೆ. ಸ್ಟುಡಿಯೋದವರು ಅದನ್ನು ತಿದ್ದಿ, ದೊಡ್ಡದು ಮಾಡಿ, ಲ್ಯಾಮಿನೇಷನ್ ಹಾಕಿಕೊಡುತ್ತಾರೆ. ಒಂದು ಸೀರೆಯ ಬೆಲೆಗೆ ಮೊಮ್ಮಕ್ಕಳ ಮನೆಗಳಿಗೆಲ್ಲ ಒಂದೊಂದು ಪ್ರತಿ ಮಾಡಿಸಬಹುದು.

ಅಜ್ಜಿಯ ಕಣ್ಣು ಮಂಜಾಗಿ ಅಕ್ಕಿಯಲ್ಲಿ ಕಲ್ಲು ಉಳಿಯುತ್ತಿದ್ದರೆ? ಕಣ್ಣು ತೋರಿಸದೆ ಸಂತೆಯ ಕನ್ನಡಕ ತಂದು ಕೊಡಬಾರದು. ಮೊಮ್ಮಗಳು ಒಂದು ದಿನ ರಜೆ ಹಾಕಿ, ಮಂಚೇನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬರಲಿ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ದುಡ್ಡಿನ ಟಿಕೆಟ್ ಇಲ್ಲ. ಹೋಗಿ ಬರುವ ಖರ್ಚು ಅಂದರೆ ದಾರಿಯಲ್ಲಿ ಒಂದು ಕಾಫಿ, ಎರಡು ಇಡ್ಲಿ. ಕಿಟಕಿ ಪಕ್ಕ ಕೂತ ಅಜ್ಜಿ ಆ ಪ್ರಯಾಣದ ಕತೆಯನ್ನು ಮುಂದಿನ ಕ್ರಿಸ್‌ಮಸ್‌ವರೆಗೂ ಹೇಳುತ್ತಾಳೆ.

ಇಷ್ಟು ಹೊತ್ತಿಗೆ ಫ್ಯಾನ್ಸಿ ಸ್ಟೋರಿನ ಯಜಮಾನರಿಗೆ ಸಿಟ್ಟು ಬಂದಿರಬೇಕು. ಜನ ಎಲ್ಲಾ ಅವರೆಕಾಯಿ ಹಂಚಿಕೊಂಡು ಕೂತರೆ ನಾವು ಬಾಡಿಗೆ ಹೇಗೆ ಕಟ್ಟೋದು ಸ್ವಾಮಿ ಎಂದು ಕೇಳುತ್ತಾರೆ. ಕೇಳಬೇಕಾದ್ದೇ. ಆದರೆ ಅವರೇ ಗಲ್ಲಾ ಮುಟ್ಟಿಕೊಂಡು ಹೇಳಲಿ: ಮಗ್ಗು, ಜಿಂಕೆ ಕೊಳ್ಳುವ ಗಿರಾಕಿ ಈಗ ಅಂಗಡಿಗೆ ಎಷ್ಟು ಜನ ಬರುತ್ತಾರೆ? ಮೊಬೈಲಿನಲ್ಲಿ ಒತ್ತಿದರೆ ಬೈಕಿನ ಹುಡುಗ ಮನೆ ಬಾಗಿಲಿಗೆ ತಂದು ಕೊಡುತ್ತಾನೆ, ನಾಲ್ಕು ರೂಪಾಯಿ ಕಡಿಮೆಗೇ. ರೇಟಿನಲ್ಲಿ ಆ ಕಂಪನಿಗಳ ಜೊತೆ ಗೌರಿಬಿದನೂರಿನ ಅಂಗಡಿ ಜಗ್ಗಾಡಲು ಆಗುವುದಿಲ್ಲ. ಆದರೆ ಮಳಿಗೆಯಲ್ಲಿ ಇಪ್ಪತ್ತು ವರ್ಷ ಕೂತವರಿಗೆ ತಿಳಿದಿರುವ ಒಂದು ವಿಷಯ ಬೈಕಿನ ಹುಡುಗನಿಗೆ ತಿಳಿಯದು. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರ ಮಗಳು ಹೊಲಿಗೆ ಕಲಿಯುತ್ತಿದ್ದಾಳೆ, ಯಾರ ಹುಡುಗ ಚಿತ್ರ ಬರೆಯುತ್ತಾನೆ ಎಂಬುದು ಅವರಿಗೆ ಗೊತ್ತು. ಅಕ್ಕಾ, ಆ ಹುಡುಗನಿಗೆ ಮಗ್ಗು ಬೇಡ, ಈ ಬಣ್ಣದ ಪೆನ್ಸಿಲ್ ಡಬ್ಬ ಕೊಡಿ ಎಂದು ಒಂದು ಮಾತು ಹೇಳಿದರೆ ಆ ಗಿರಾಕಿ ಯುಗಾದಿಗೂ ಅದೇ ಅಂಗಡಿಗೆ ಬರುತ್ತಾಳೆ. ಇಪ್ಪತ್ತರಿಂದ ಅರವತ್ತು ರೂಪಾಯಿಯೊಳಗಿನ ಬಳಸುವ ಸಾಮಾನನ್ನು ಮುಂದುಗಡೆ ಜೋಡಿಸಿಟ್ಟವರಿಗೆ ಜನವರಿಯಲ್ಲಿ ಮಾಲು ಉಳಿಯುವ ಭಯವಿಲ್ಲ. ಜಿಂಕೆ ಉಳಿದರೆ ಇನ್ನೊಂದು ಡಿಸೆಂಬರ್‌ವರೆಗೆ ಧೂಳು ಒರೆಸುತ್ತಿರಬೇಕು.

ಶಾಲೆಗಳವರದು ಮಾತ್ರ ಹಗುರವಾಗಿ ಬಿಡುವ ವಿಷಯವಲ್ಲ. ರೇಟು ಕಟ್ಟಿದವರು ಅವರು, ಅವರೇ ಬಿಚ್ಚಬೇಕು. ಚೀಟಿ ಆಟ ನಿಲ್ಲಿಸಿ ಎಂದು ಯಾರೂ ಹೇಳುತ್ತಿಲ್ಲ. ದುಡ್ಡು ಕೊಟ್ಟು ಏನನ್ನೂ ಕೊಳ್ಳಬಾರದು ಎಂದು ಒಂದು ನಿಯಮ ಹಾಕಲಿ, ಸಾಕು. ಚೀಟಿ ಎತ್ತಿದ ಮೇಲೆ ಒಂದು ವಾರ ಟೈಮು ಕೊಡಲಿ. ಆ ವಾರದಲ್ಲಿ ಮಗು ತನ್ನ ಗುಟ್ಟಿನ ಗೆಳೆಯನನ್ನು ಗಮನಿಸಲಿ. ಗಣಿತದಲ್ಲಿ ಒದ್ದಾಡುತ್ತಾನಾ? ಮಗ್ಗಿಯನ್ನು ಅಂದವಾಗಿ ಬರೆದ ಒಂದು ರಟ್ಟು ಕೊಡಬಹುದು. ಹೂವೆಂದರೆ ಇಷ್ಟವಾ? ಹಿತ್ತಲಿನ ಸೇವಂತಿಗೆಯ ಒಂದು ಕಾಲು ಕಿತ್ತು ತೆಂಗಿನ ಚಿಪ್ಪಿನಲ್ಲಿ ನೆಟ್ಟು ತರಬಹುದು. ಶಿಡ್ಲಘಟ್ಟದ ಕಡೆ ನೆಂಟರಿರುವ ಮಗು ತೂತುಬಿದ್ದ ರೇಷ್ಮೆಗೂಡು ನಾಲ್ಕು ತಂದು ಪೋಣಿಸಿ ಹಾರ ಮಾಡಬಹುದು. ಏನೂ ತೋಚದ ಮಗು ಒಂದು ಕಾಗದ ಬರೆಯಲಿ; ಕನ್ನಡದಲ್ಲೇ ಬರೆದರೆ ಶಾಲೆಯ ಗೋಡೆಯೇನೂ ಬಿರಿಯುವುದಿಲ್ಲ. ಎಲ್ಲವನ್ನೂ ಒಂದೇ ಥರ ನ್ಯೂಸ್‌ಪೇಪರಿನಲ್ಲಿ ಕಟ್ಟಿ ತರಬೇಕು ಎಂದು ಹೇಳಿಬಿಟ್ಟರೆ ಯಾರದು ಯಾವ ಮನೆಯದು ಎಂದು ಮೇಲುನೋಟಕ್ಕೆ ತಿಳಿಯದು. ಈ ಪತ್ರಿಕೆಯಲ್ಲೇ ಕಟ್ಟಿದರೂ ಇಲ್ಲಿ ಯಾರಿಗೂ ಬೇಸರವಿಲ್ಲ.

ಹಾಗೆ ಮಾಡಿದರೆ ಆಟದ ಗಮ್ಮತ್ತು ಹೋಗುತ್ತದೆ ಎನ್ನುವ ಪೋಷಕರೂ ಇದ್ದಾರೆ. ಅವರ ಮಕ್ಕಳಿಗೆ ಮನೆಯಲ್ಲಿ ಎಷ್ಟು ಬೇಕಾದರೂ ಕೊಡಿಸಿಕೊಳ್ಳಲಿ, ಬೇಡ ಎಂದವರಿಲ್ಲ.

ಚೀಟಿ ಎತ್ತಿಸುವುದು ಸಾಮಾನ್ಯವಾಗಿ ಡಿಸೆಂಬರ್ ಎರಡನೇ ವಾರ. ಎತ್ತಿದ ಮೇಲೆ ಹೋಗಿ ಗೊಣಗಿದರೆ ಪ್ರಯೋಜನವಿಲ್ಲ. ತಿಂಗಳ ಮೊದಲ ದಿನಗಳಲ್ಲೇ ನಾಲ್ಕು ಜನ ಪೋಷಕರು ಸೇರಿ ಹೆಡ್‌ಮಾಸ್ಟರನ್ನು ಕಂಡು ಮಾತಾಡುವುದು ಒಳ್ಳೆಯದು. ಒಬ್ಬರೇ ಹೋದರೆ ಇವರಿಗೆ ಇನ್ನೂರಕ್ಕೂ ಗತಿಯಿಲ್ಲವಾ ಎಂಬ ನೋಟ ಬೀಳುತ್ತದೆ. ಆದ್ದರಿಂದ ಇನ್ನೂರು ಸಲೀಸಾಗಿ ಕೊಡಬಲ್ಲವರು ಒಬ್ಬರು ಆ ನಾಲ್ವರಲ್ಲಿ ಇರಲಿ, ಮಾತನ್ನೂ ಅವರೇ ಶುರು ಮಾಡಲಿ.

ಇನ್ನು ಸ್ಟೀಲ್ ಡಬ್ಬಿಗೆ ಹೆಸರು ಹಾಕಿಸುವವರಿಗೆ ಒಂದು ಸೂಚನೆ. ಹೆಸರನ್ನು ಕಾಗದದ ಮೇಲೆ ದೊಡ್ಡದಾಗಿ, ತಪ್ಪಿಲ್ಲದೆ ಬರೆದುಕೊಂಡು ಹೋಗಿ. ಅಂಗಡಿ ಗಲಾಟೆಯಲ್ಲಿ ಬಾಯಲ್ಲಿ ಹೇಳಿದರೆ ಮಂಜುನಾಥ ಮಂಜುಳ ಆಗಿಬಿಡುತ್ತಾನೆ, ಮತ್ತೆ ಅಳಿಸಲು ಬರುವುದಿಲ್ಲ.